ಲೋಬಾನ ಹಾಕಿದ ಮರಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಬೆಕ್ಕಿನ ವಿಷಯಕ್ಕಂತೂ ಕೇಳುವುದೇ ಬೇಡ. ಯಾದಗಿರಿ, ಶಹಾಪುರ, ಸುರಪುರದ ಏಳೆಂಟು ಜನ ಸೇರಿ ಬೆಕ್ಕುಗಳ ಆರೈಕೆಗೆಂದು ಒಂದು ಗುಂಪು ಕಟ್ಟಿಕೊಂಡಿದ್ದೇವೆ. ಕಚೇರಿ ಇಲ್ಲ, ಬೋರ್ಡಿಲ್ಲ. ಮೊಬೈಲಿನಲ್ಲಿ ಒಂದು ವಾಟ್ಸಪ್ ಗುಂಪು, ಎಲ್ಲರ ಮನೆಯಲ್ಲಿ ಒಂದೊಂದು ಬುಟ್ಟಿ, ಅಷ್ಟೇ. ಗಾಡಿಗೆ ಸಿಕ್ಕ ಬೆಕ್ಕನ್ನು ದವಾಖಾನೆಗೆ ಒಯ್ಯುತ್ತೇವೆ. ತಬ್ಬಲಿ ಮರಿಗಳಿಗೆ ಸೂಜಿ ತೆಗೆದ ಸಿರಿಂಜಿನಿಂದ ಆಡಿನ ಹಾಲು ಕುಡಿಸುತ್ತೇವೆ. ನಾನು ಶಹಾಪುರದಲ್ಲಿ ಶಾಲೆಯ ಟೀಚರು. ತರಗತಿಯಲ್ಲಿ ಗದರಿಸುವ ದನಿ ಹೊರಗೂ ಬಂದುಬಿಡುತ್ತದೆ.

ಒಂದು ಶನಿವಾರ ಸುರಪುರದ ತೊಗರಿ ಅಡತಿ ಅಂಗಡಿಯ ಸಾಹುಕಾರರು ಫೋನ್ ಮಾಡಿದರು. ಗೋಡೌನಿನಲ್ಲಿ ಬೆಕ್ಕು ಮರಿ ಹಾಕಿದೆ, ಚೀಲ ಎತ್ತಲು ಲಾರಿ ಬರಲಿದೆ, ಏನು ಮಾಡಲಿ ಎಂದು ಕೇಳಿದರು. ಶಾಲೆ ಮುಗಿಸಿ ಬಸ್ ಹಿಡಿದು ಹೋದೆ. ಗೋಣಿಚೀಲಗಳ ಸಂದಿಯಲ್ಲಿ ಮೂರು ಮರಿಗಳು, ಇನ್ನೂ ಕಣ್ಣು ಬಿಟ್ಟಿರಲಿಲ್ಲ, ಒಂದೇ ಸಮನೆ ಚೀರುತ್ತಿದ್ದವು. ತಾಯಿಯ ಸುಳಿವಿಲ್ಲ.

"ತಡೀರಿ ಅಕ್ಕೋರ, ಅವಸರ ಮಾಡಬ್ಯಾಡ್ರಿ," ಎಂದರು ಸಾಹುಕಾರರು. "ನಾಕು ಮರಿ ಇದ್ದವ. ಒಂದನ್ನ ಬಾಯಾಗ ಹಿಡಕೊಂಡು ಈಗಷ್ಟೇ ಹೋಗ್ಯಾದ. ಬೆಕ್ಕು ಮರಿಗೋಳನ್ನ ಏಳು ಮನಿ ತಿರಗಸ್ತದಲ್ರಿ. ಉಳದವಕ್ಕೂ ಬರ್ತದ."

ನನ್ನ ತಲೆಯಲ್ಲಿ ಆಗಲೇ ತೀರ್ಪು ಆಗಿಹೋಗಿತ್ತು. ಲಾರಿ ಬರುತ್ತದೆಂದು ಇವರೇ ತಾಯಿಯನ್ನು ಓಡಿಸಿರಬೇಕು! "ನಿಮಗ ಕರುಳು ಅನ್ನೋದು ಅದನೋ ಇಲ್ಲೋ? ಏಳು ಮನಿ ಕಥಿ ನನ್ನ ಮುಂದ ಹೇಳಬ್ಯಾಡ್ರಿ," ಎಂದು ಹಮಾಲರೆದುರೇ ಅಂದುಬಿಟ್ಟೆ. ಮರಿಗಳನ್ನು ಬುಟ್ಟಿಗೆ ಹಾಕಿಕೊಂಡು ವಾಪಸ್ ಬಸ್ ಹತ್ತಿದೆ. 'ಮೂರು ಜೀವ ಉಳಿದವು' ಎಂದು ಬಸ್ಸಿನಲ್ಲೇ ಗುಂಪಿಗೆ ಫೋಟೊ ಹಾಕಿದೆ. ಮೇಲಿಂದ ಮೇಲೆ ಮೆಚ್ಚುಗೆ ಬಂತು. ಬಲು ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಮೂರರಲ್ಲಿ ಕರಿ ಮರಿ ತೀರ ಸಣ್ಣದು. ಮೈತುಂಬ ತೊಗರಿ ಧೂಳು. ನಮ್ಮ ಕಡೆ ಕೂಸಿಗೆ ಎರೆಯುವ ಹಾಗೆಯೇ ಅದಕ್ಕೂ ಎರೆದೆ. ಕಡಲೆಹಿಟ್ಟು ಹಚ್ಚಿ, ಬೆಚ್ಚನೆಯ ನೀರು ಹಾಕಿ, ಒರೆಸಿ, ಕೆಂಡದ ಮೇಲೆ ಲೋಬಾನ ಉದುರಿಸಿ ಹೊಗೆ ಹಿಡಿದೆ. ನನ್ನ ಇಬ್ಬರು ಮಕ್ಕಳೂ ಆ ಹೊಗೆಯಲ್ಲೇ ಬೆಳೆದವರು. ಮರಿ ಒಮ್ಮೆ ಸೀನಿ ನನ್ನ ಸೆರಗಿನಲ್ಲಿ ನಿದ್ದೆ ಹೋಯಿತು. ಉಳಿದೆರಡಕ್ಕೆ ನಾಳೆ ಎರೆದರಾಯಿತು ಎಂದುಕೊಂಡೆ.

ಬೆಳಿಗ್ಗೆ ಸಾಹುಕಾರರ ಫೋನ್. "ನಿನ್ನಿ ನೀವು ಹ್ವಾದ ಮ್ಯಾಲೆ ತಾಯಿ ಬಂತ್ರಿ. ಚೀಲ ಚೀಲ ಮೂಸಿ ಒದರಾಕತ್ತದ. ಲಾರಿ ನಿಂದ್ರಿಸೀನಿ, ಮರಿ ತರ್ರಿ." ಅಷ್ಟೇ. ನಾಲ್ಕು ಮಾತು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಸಿಕ್ಕ ಬಸ್ಸಿಗೆ ಓಡಿದೆ. ಗೋಡೌನಿನಲ್ಲಿ ಯಾರೂ ಇರದಂತೆ ನೋಡಿಕೊಂಡಿದ್ದರು. ಮರಿಗಳನ್ನು ಮೊದಲಿದ್ದ ಸಂದಿಯಲ್ಲೇ ಇಟ್ಟೆ. ಸಾಹುಕಾರರು ಒಂದು ಬಟ್ಟಲು ಜೋಳದ ಹಿಟ್ಟು ತಂದು ಸುತ್ತಲೂ ತೆಳ್ಳಗೆ ಉದುರಿಸಿದರು.

"ನಾವು ಎದುರಿಗೆ ಕೂತ್ರ ಅದು ಬರಂಗಿಲ್ಲ. ಹೊರಗ ಕೂಡೂಣು. ಬಂದ್ರ ಹಿಟ್ಟಿನಾಗ ಹೆಜ್ಜಿ ಮೂಡ್ತಾವ."

ಹೊರಗೆ ಬೆಂಚಿನ ಮೇಲೆ ಕೂತೆವು. ಚಾ ತರಿಸಿದರು. ಲೋಟ ಕೈಯಲ್ಲಿ ಹಿಡಿದೇ, "ನಿನ್ನಿ ನನ್ನಿಂದ ತಪ್ಪಾತ್ರಿ," ಎಂದೆ. "ಇರ್ಲಿ ಬಿಡ್ರಿ. ಚಾ ಆರಾಕತ್ತದ, ಕುಡೀರಿ," ಎಂದರು.

ಮೊದಲ ಸಲ ಇಣುಕಿದಾಗ ಹಿಟ್ಟಿನಲ್ಲಿ ಹೆಜ್ಜೆಗಳಿದ್ದವು, ಒಂದು ಮರಿ ಇರಲಿಲ್ಲ. ಇಬ್ಬರೂ ನಕ್ಕೆವು. ಎರಡನೆಯ ಸಲಕ್ಕೆ ಇನ್ನೊಂದೂ ಹೋಗಿತ್ತು. ಆಮೇಲೆ ಕಾದೆವು, ಕಾದೆವು. ಕೊನೆಗೆ ಹೋಗಿ ನೋಡಿದರೆ ಕರಿ ಮರಿ ಇಟ್ಟಲ್ಲೇ ಇತ್ತು. ಹೊಸ ಹೆಜ್ಜೆಗಳು ಅದರ ತನಕ ಬಂದು, ಒಂದು ಸುತ್ತು ಹಾಕಿ, ಹಿಂದಿರುಗಿದ್ದವು. ಎತ್ತಿ ಮೂಗಿನ ಹತ್ತಿರ ಹಿಡಿದೆ. ಇನ್ನೂ ಲೋಬಾನದ ವಾಸನೆ! ಸಾಹುಕಾರರು ಮತ್ತೊಂದು ಹಿಡಿ ಹಿಟ್ಟು ಉದುರಿಸಿದರು. ಹೊತ್ತು ಮುಳುಗುವವರೆಗೂ ಆ ಹಿಟ್ಟು ಹಾಕಿದ ಹಾಗೆಯೇ ಇತ್ತು.

ವಾಸನೆಗೆ ಬಿಟ್ಟಿತೋ, ಬಡಕಲು ಮರಿಯೆಂದು ಬಿಟ್ಟಿತೋ, ದನದ ಡಾಕ್ಟರೂ ಖಾತ್ರಿಯಾಗಿ ಹೇಳಲಿಲ್ಲ. ನನಗೆ ಮಾತ್ರ ಅನುಮಾನವಿಲ್ಲ.

ಈಗ ನನ್ನ ಚೀಲದಲ್ಲಿ ಸಿರಿಂಜಿನ ಜೊತೆಗೆ ಜೋಳದ ಹಿಟ್ಟಿನ ಡಬ್ಬಿಯೂ ಇರುತ್ತದೆ. ಮರಿ ಸಿಕ್ಕಿದೆ ಎಂದು ಯಾರೇ ಕರೆದರೂ ಮೊದಲು ಹಿಟ್ಟು ಉದುರಿಸಿ, ದೂರ ಹೋಗಿ, ಬಾಯಿ ಮುಚ್ಚಿಕೊಂಡು ಕೂಡುತ್ತೇನೆ. ಕರಿ ಮರಿ ಬೆಳೆದು ಗಡವ ಬೆಕ್ಕಾಗಿದೆ, ನಾನು ತಿದ್ದಬೇಕಾದ ನೋಟ್‌ಬುಕ್ಕುಗಳ ಮೇಲೇ ಮಲಗುತ್ತದೆ. ಗುಂಪಿಗೆ ಹೊಸದಾಗಿ ಸೇರಿದವರು ಮನೆಗೆ ಬಂದಾಗ ಅದರ ತಲೆ ಸವರಿ, "ಇದನ್ನ ಎಲ್ಲಿ ಉಳಿಸಿದ್ರಿ ಅಕ್ಕೋರ?" ಎನ್ನುತ್ತಾರೆ.

"ಉಳಿಸಿಲ್ರಿ. ಇದರ ತಾಯಿಯಿಂದ ಕಸಗೊಂಡು ಬಂದೀನಿ," ಎನ್ನುತ್ತೇನೆ.

ತಮಾಷೆ ಮಾಡುತ್ತಿದ್ದೇನೆಂದು ಅವರು ನಗುತ್ತಾರೆ.