ಉಜ್ಜದೆ ಒರೆಸುವ ಕೈ

ಕಿಟಕಿಯ ಗಾಜಿಗೆ ಇನ್ನೂ ಬೆಳಕು ಬಂದಿಲ್ಲ. ಡಯಾಲಿಸಿಸ್ ಕೋಣೆಯ ನೆಲ ಒರೆಸಿ, ಮಂಚಗಳಿಗೆ ಒಗೆದ ಹಾಸು ಎಳೆದು, ಆಸ್ಪತ್ರೆಯ ಆಯಾ ಒಬ್ಬರು ಮೂಲೆಯ ಸ್ಟೂಲಿನ ಮೇಲೆ ಕೂರುತ್ತಾರೆ. ಮಡಿಲಲ್ಲಿ ಅಂಗೈಗಿಂತ ತುಸು ದೊಡ್ಡದಾದ, ಬೆನ್ನಿಗೆ ಆಟದ ಕ್ಯಾಸೆಟ್ ಸಿಕ್ಕಿಸುವ ಒಂದು ಹಳೆಯ ವಿಡಿಯೋ ಗೇಮ್. ಗುಂಡಿ ಒತ್ತಿದರೆ ಪರದೆ ಬೆಳಗುತ್ತದೆ, ಆಟ ಮೂಡುವುದಿಲ್ಲ.

"ಯಾರೋ ಕ್ಯಾಸೆಟ್ ಕಿತ್ತು ಊದಿದಾರೆ" ಎನ್ನುತ್ತಾರೆ. ದನಿಯಲ್ಲಿ ಸಿಟ್ಟಿಲ್ಲ, ಹಾಲು ಉಕ್ಕಿತು ಎಂದಷ್ಟೇ ಸಹಜ.

ಮೂತ್ರಪಿಂಡ ಕೈಕೊಟ್ಟವರು ಇಲ್ಲಿ ತೋಳಿಗೆ ನಳಿಕೆ ಚುಚ್ಚಿಸಿಕೊಂಡು ನಾಲ್ಕು ಗಂಟೆ ಮಲಗಬೇಕು. ಒಂದು ಕೈ ಅಲುಗಿಸುವಂತಿಲ್ಲ. ವೈದ್ಯರೊಬ್ಬರು ತಮ್ಮ ಮಕ್ಕಳು ಆಡಿ ಬಿಟ್ಟ ಗೇಮುಗಳನ್ನು ಡಬ್ಬಿ ಸಮೇತ ಇಟ್ಟುಹೋದರು. ನೋಡಿಕೊಳ್ಳುವ ಕೆಲಸ ಯಾರೂ ಹೇಳದೆಯೇ ಆಯಾ ಅವರ ಪಾಲಿಗೆ ಬಂತು. ಧೂಳು ಹೋಗಲೆಂದು ಊದಿದರೆ ಉಸಿರಿನ ತೇವ ಕ್ಯಾಸೆಟ್ಟಿನ ಲೋಹದ ಹಲ್ಲುಗಳ ಮೇಲೆ ಕೂತು ಕಿಲುಬು ಹಿಡಿಸುತ್ತದೆ. ಕಿತ್ತು ಹಾಕಿದಷ್ಟೂ ಆ ಹಲ್ಲುಗಳ ಚಿನ್ನದ ಲೇಪ ಸವೆಯುತ್ತದೆ. ಹಾಗಾಗಿ ಅವರು ಒಂದೊಂದು ಗೇಮಿಗೆ ಒಂದೊಂದೇ ಕ್ಯಾಸೆಟ್ ಹಾಕಿ ಮೇಲೆ ಪ್ಲಾಸ್ಟರ್ ಅಂಟಿಸಿದ್ದಾರೆ. ಬೇರೆ ಆಟ ಬೇಕೆಂದವರಿಗೆ ಬೇರೆ ಗೇಮನ್ನೇ ಕೊಡುತ್ತಾರೆ. "ಪದೇ ಪದೇ ತವರಿಗೆ ಓಡಬೇಡ ಅಂತ ಕ್ಯಾಸೆಟ್ಟಿಗೂ ಬುದ್ಧಿ ಹೇಳಿದೀನಿ."

ಬುದ್ಧಿ ಅವರಿಗೇ ತಡವಾಗಿ ಬಂದದ್ದು. ಅವರ ಅಪ್ಪ ಕುಡುಗೋಲು, ಕೊಡಲಿಗಳಿಗೆ ಸಾಣೆ ಹಿಡಿಯುತ್ತಿದ್ದವರು. ಆ ಮನೆಯಲ್ಲಿ ಹೊಳಪು ಬಂದರೆ ಕೆಲಸ ಮುಗಿಯಿತು ಎಂದೇ ಲೆಕ್ಕ. ಮೊದಲ ಕ್ಯಾಸೆಟ್ಟನ್ನು ಆಯಾ ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿಯೇ ಉಜ್ಜಿದರು. "ಫಳಫಳ ಅಂತು. ಅಪ್ಪನಿಗೆ ತಕ್ಕ ಮಗಳು ಅಂತ ಬೀಗಿದೆ. ತಿಂಗಳೊಳಗೆ ಸತ್ತೇಹೋಯ್ತು." ಚಿನ್ನವೆಲ್ಲ ರಬ್ಬರಿನ ಪುಡಿಯ ಜೊತೆ ಹೋಗಿತ್ತು. ಎದುರು ರಸ್ತೆಯ ರೇಡಿಯೋ ರಿಪೇರಿಯವನು ನೋಡಿ, ಇದು ಕುಡುಗೋಲಲ್ಲ ಅಕ್ಕ ಎಂದು ನಕ್ಕನಂತೆ.

ಅಂದಿನಿಂದ ಉಜ್ಜುವುದಿಲ್ಲ, ಒರೆಸುತ್ತಾರೆ. ಕಡ್ಡಿಗೆ ಸುತ್ತಿದ ಹತ್ತಿ, ತೇವ ಆದೀತೋ ಇಲ್ಲವೋ ಎಂಬಷ್ಟು ಸ್ಪಿರಿಟ್, ಒಂದೇ ದಿಕ್ಕಿಗೆ.

ಇಂದು ಮಡಿಲಲ್ಲಿರುವುದು ಇಲ್ಲಿ ಚಿಕಿತ್ಸೆಗೆ ಬರುವ ಮೇಸ್ತ್ರಿಯೊಬ್ಬರ ಗೇಮು. ಮೇಲಿನಿಂದ ಬೀಳುವ ಇಟ್ಟಿಗೆಗಳನ್ನು ಜೋಡಿಸುವ ಆಟ. ಅಂಥದ್ದು ಇರುವುದು ಇದೊಂದೇ. ಮನೆ ಕಟ್ಟಿ ಬದುಕಿದ ಮೇಸ್ತ್ರಿ ಮೊದಲು ಚಿಕಿತ್ಸೆಗೆ ಚಕ್ಕರ್ ಹೊಡೆಯುತ್ತಿದ್ದರು. ಸೂರು ನೋಡಿಕೊಂಡು ಮಲಗೋಕೆ ನಾನೇನು ಹೆಣವೇ ಎಂಬುದು ಅವರ ವಾದ. ಆಮೇಲೆ ಕಾಲು ಊದಿ, ಏದುಸಿರು ಬಿಡುವ ಅವರನ್ನು ಮಗಳು ಹೊತ್ತು ತರಬೇಕಾಗುತ್ತಿತ್ತು. ಇನ್ನೊಮ್ಮೆ ತಪ್ಪಿಸಿದರೆ ಮಂಚ ಸರದಿ ಕಾಯುತ್ತಿರುವ ಬೇರೆಯವರ ಪಾಲಾಗುತ್ತದೆ ಎಂದು ಹಿರಿಯ ನರ್ಸ್ ಎಚ್ಚರಿಸಿದ ದಿನವೇ ಆಯಾ ಈ ಗೇಮನ್ನು ಅವರ ದಿಂಬಿನ ಮೇಲಿಟ್ಟರು. ಸಾಲು ತುಂಬಿದ ಕೂಡಲೇ ಮಾಯವಾಗುವ ಗೋಡೆ ನೋಡಿ, ಇದನ್ನು ಕಟ್ಟಿದವನ ಕೂಲಿ ಹಿಡಿಯಬೇಕು ಎಂದು ಮೇಸ್ತ್ರಿ ಬೈದರು. ಮತ್ತೆ ತಪ್ಪಿಸಿಲ್ಲ.

ಒರೆಸಿ ಹಾಕಿದರೂ ಪರದೆ ಖಾಲಿ. ಆಯಾ ಅವಸರ ಮಾಡುವುದಿಲ್ಲ. ಕ್ಯಾಸೆಟ್ಟನ್ನು ಆರಲು ಬಿಟ್ಟು ಹೋಗಿ ಕಸದ ಬುಟ್ಟಿಗಳಿಗೆ ಚೀಲ ಹಾಕಿ ಬರುತ್ತಾರೆ. ಹೊರಗೆ ತೂಕದ ಯಂತ್ರದ ಮೇಲೆ ಮೇಸ್ತ್ರಿ ಹತ್ತಿ ಇಳಿದ ಸದ್ದು. ಈಗ ಕ್ಯಾಸೆಟ್ಟನ್ನು ನೇರವಾಗಿ, ಓರೆಯಾಗದಂತೆ ಕೂರಿಸುತ್ತಾರೆ. ಇಟ್ಟಿಗೆ ಬೀಳತೊಡಗುತ್ತದೆ.

ನರ್ಸ್ ಸೂಜಿ ಚುಚ್ಚಿ ಅತ್ತ ಹೋದ ಮೇಲೆ ಮೇಸ್ತ್ರಿ ಮೆಲ್ಲಗೆ ಕೇಳುತ್ತಾರೆ, "ಏನಮ್ಮ, ಗೋಡೆ ಎದ್ದಿತಾ?"

"ಬಿದ್ದಿತ್ತು ಅಂತ ನಿಮಗೆ ಯಾರು ಹೇಳಿದ್ರು?"

ಮೇಸ್ತ್ರಿ ಸೂರು ನೋಡುತ್ತಾರೆ. "ಮೊನ್ನೆ ಆಟ ಒಂದು ಗಳಿಗೆ ನಿಂತುಬಿಡ್ತು. ಇನ್ನು ಬರಲ್ವೇನೋ ಅಂತ ಹೆದರಿಕೆ ಆಯ್ತಮ್ಮ. ನಾನೇ ಕಿತ್ತು ಊದಿದೆ."

ಆಯಾ ಬೈಯುವುದಿಲ್ಲ. ಹೊಸ ಪ್ಲಾಸ್ಟರ್ ಅಂಟಿಸಿ, ಗೇಮನ್ನು ದಿಂಬಿನ ಮೇಲೆ ಅವರ ಬಿಡುವಿರುವ ಕೈಗೆ ಎಟುಕುವಂತೆ ಇಡುತ್ತಾರೆ.

ಇನ್ನೇನು ಬೇಕು ನಿಮಗೆ ಎಂದು ಆಯಾ ಅವರನ್ನು ಕೇಳಿದರೆ, ಒರೆಸುವ ಬಟ್ಟೆ ಹಿಂಡುತ್ತ ಹೇಳುತ್ತಾರೆ: "ಆ ಮಂಚದ ಮೇಲೆ ಬೇರೆಯವರಿಗೆ ಹಾಸು ಹಾಸೋ ಹಾಗೆ ಆಗದಿದ್ರೆ ಸಾಕು."