ಕೆಂಚಮ್ಮನ ಬೆನ್ನಿಗೊಂದು ಕೈ

ಕೆಂಚಮ್ಮನಿಗೂ ಅವಳ ಕೆಮ್ಮಿಗೂ ಸರಿಸುಮಾರು ಒಂದೇ ವಯಸ್ಸು. ಅವಳು ಮೂರು ವರ್ಷದವಳಿದ್ದಾಗ ಊರಿಗೆಲ್ಲ ನಾಯಿಕೆಮ್ಮು ಬಂದಿತ್ತು. ಮಿಕ್ಕ ಮಕ್ಕಳನ್ನು ಬಿಟ್ಟುಹೋಯಿತು, ಇವಳಲ್ಲಿ ಮನೆ ಮಾಡಿಕೊಂಡಿತು. ಸಂಪಿಗೆ ಎಂಬ ಊರಿನ ಕಡೆಗೆ ಮದುವೆ ಮಾಡಿ ಕಳಿಸಿದಾಗ ಅದೂ ಜೊತೆಗೆ ಹೋಯಿತು. ಗಂಡನೆಂಬುವನು ಮೂರು ವರ್ಷ ಸಹಿಸಿಕೊಂಡು, ನಾಲ್ಕನೆಯ ವರ್ಷ ಇನ್ನೊಬ್ಬಳನ್ನು ತಂದುಕೊಂಡ. ಆಗ ಕೆಂಚಮ್ಮ ಒಂದು ಟ್ರಂಕು ಮತ್ತು ಕೆಮ್ಮಿನ ಸಮೇತ ಶೆಟ್ಟಿಕೆರೆ ಮಗ್ಗುಲಿನ ತನ್ನ ತವರಿಗೆ ವಾಪಸು ಬಂದಳು. ನಲವತ್ತು ದಾಟುವ ಹೊತ್ತಿಗೆ, ಬೆಳಿಗ್ಗೆ ಎದ್ದ ಕೂಡಲೇ ಒಂದು ಬಟ್ಟಲು ಕಫ ಆಚೆ ಬಂದರೆ ಮಾತ್ರ ಅವಳಿಗೆ ಉಸಿರು ಸರಾಗವಾಗಿ ಆಡುತ್ತಿತ್ತು.

ತಾಯಿ ತೀರಿಕೊಂಡ ಮೇಲೆ ಅಣ್ಣ ಬೀರಲಿಂಗಯ್ಯ ಮನೆಯ ಹಿಂದುಗಡೆ ಒಂದು ಕೋಣೆಗೆ ಬೇರೆ ಬಾಗಿಲು ಇಡಿಸಿ, ಮನೆಗೂ ಕೋಣೆಗೂ ನಡುವೆ ಗೋಡೆ ಎತ್ತಿಸಿದ. ಕೆಟ್ಟವನೇನಲ್ಲ. ಸಣ್ಣ ಮಕ್ಕಳಿದ್ದವು, ಅವನ ಹೆಂಡತಿಗೆ ಅದು ಕ್ಷಯವೇ ಇರಬೇಕೆಂಬ ಭಯ. ಹಬ್ಬದ ದಿನ ಒಬ್ಬಟ್ಟಿನ ತಟ್ಟೆ ಹೊಸ್ತಿಲವರೆಗೆ ಬರುತ್ತಿತ್ತು. ತಂದವರು ಮಾತ್ರ ಒಳಗೆ ಬರುತ್ತಿರಲಿಲ್ಲ.

ಕೆಂಚಮ್ಮ ಸದಾಶಿವಯ್ಯನವರ ಮನೆಯಲ್ಲಿ ಕೊಬ್ಬರಿ ಸುಲಿಯುವ ಕೆಲಸಕ್ಕೆ ಹೋಗುತ್ತಿದ್ದಳು. ಅಟ್ಟದ ಮೇಲೆ ವರ್ಷಗಟ್ಟಲೆ ಒಣಗಿದ ಕಾಯಿಯನ್ನು ಕೆಳಗಿಳಿಸಿ, ಗಂಡಸರು ಮಟ್ಟೆ ಸುಲಿದುಕೊಟ್ಟರೆ ಹೆಂಗಸರು ಸಾಲಾಗಿ ಕೂತು ಚಿಪ್ಪು ಒಡೆದು ಇಡೀ ಉಂಡೆ ಕೊಬ್ಬರಿ ತೆಗೆಯಬೇಕು. ಒಳಗೆ ನೀರು ಪೂರ್ತಿ ಇಂಗಿರದ ಕಾಯಿಗೆ ಏಟು ಹಾಕಿದರೆ ಕೊಬ್ಬರಿ ಚಿಪ್ಪಿಗೆ ಅಂಟಿಕೊಂಡು ಚೂರಾಗುತ್ತದೆ. ಆದ್ದರಿಂದ ಪ್ರತಿ ಕಾಯಿಯನ್ನೂ ಮೊದಲು ಹನುಮಂತಮ್ಮನ ಮುಂದೆ ಇಡುತ್ತಿದ್ದರು. ಹನುಮಂತಮ್ಮ ಆ ಹೆಂಗಸರಿಗೆಲ್ಲ ಹಿರಿಯಳು, ಬಾಯಿ ಜೋರು. ಕಾಯಿಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಯ ಹತ್ತಿರ ಅಲ್ಲಾಡಿಸಿ, "ಒಣಗೈತೆ" ಎಂದರೆ ಒಡೆಯಬಹುದು. "ಇನ್ನೂ ನೀರೈತೆ" ಎಂದರೆ ಅದು ಮತ್ತೆ ಅಟ್ಟಕ್ಕೆ. ಮೂವತ್ತು ವರ್ಷದಲ್ಲಿ ಅವಳ ಕಿವಿ ಒಂದು ಸಲವೂ ತಪ್ಪಿರಲಿಲ್ಲ. ಇದನ್ನು ಬೇರೆಯವರಿಗಿಂತ ಹೆಚ್ಚಾಗಿ ಅವಳೇ ಹೇಳುತ್ತಿದ್ದಳು ಎನ್ನುವುದು ಬೇರೆ ಮಾತು.

ಕೆಂಚಮ್ಮ ಕುಡಿಯುವ ಲೋಟವನ್ನು ಕಂಬದ ಮೊಳೆಗೆ ಬೇರೆಯಾಗಿ ನೇತುಹಾಕಿಸಿದ್ದೂ ಇದೇ ಹನುಮಂತಮ್ಮ. ಸಾಲಿನ ಕೊನೆಯಲ್ಲಿ, ಎರಡು ಮಾರು ಜಾಗ ಬಿಟ್ಟು, ಕೆಂಚಮ್ಮ ಒಬ್ಬಳೇ ಕೂರುತ್ತಿದ್ದಳು. ಅಲ್ಲಿಗೆ ಗಾಳಿ ಚೆನ್ನಾಗಿ ಬರುತ್ತದೆ ಎಂದು ಅವಳೇ ಹೇಳಿಕೊಳ್ಳುವುದನ್ನು ಕಲಿತಿದ್ದಳು.

ಎಪ್ಪತ್ತೊಂಬತ್ತನೇ ಇಸವಿಯ ಚಳಿಗಾಲದಲ್ಲಿ ಕಫದ ಜೊತೆ ರಕ್ತ ಬಂತು. ಅಷ್ಟರಲ್ಲಿ ಆಡುಸೋಗೆ ಕಷಾಯ, ಕಾಳುಮೆಣಸು, ಜೇನುತುಪ್ಪ, ಎಕ್ಕದ ಹೂವು, ಯಾರು ಏನು ಹೇಳಿದರೆ ಅದೆಲ್ಲ ಆಗಿಹೋಗಿತ್ತು. ಅವಳು ಹೆದರಿ ಒಬ್ಬಳೇ ಬಸ್ಸು ಹತ್ತಿ ತಿಪಟೂರಿಗೆ ಹೋದಳು. ಅಲ್ಲಿ ಹೊಸದಾಗಿ ಬಂದಿದ್ದ ಎಳೆವಯಸ್ಸಿನ ಡಾಕ್ಟರು ಎಕ್ಸ್‌ರೇ ತೆಗೆಸಿದರು, ಮೂರು ಸಲ ಕಫ ಪರೀಕ್ಷೆ ಮಾಡಿಸಿದರು. ಕೊನೆಗೆ ಇದು ಕ್ಷಯವಲ್ಲ, ಅಂಟುವ ರೋಗವೂ ಅಲ್ಲ ಎಂದರು. ಚಿಕ್ಕಂದಿನ ಕೆಮ್ಮಿನಿಂದ ಶ್ವಾಸಕೋಶದ ತಳದಲ್ಲಿ ಗುಳಿ ಬಿದ್ದಿದೆ, ಕಫ ಅಲ್ಲಿ ನಿಂತು ಕೊಳೆಯುತ್ತಿದೆ, ಅದನ್ನು ದಿನಾ ಇಳಿಸಿ ತೆಗೆಯದಿದ್ದರೆ ಇನ್ನೊಂದು ಚಳಿಗಾಲ ದಾಟುವುದು ಕಷ್ಟ ಎಂದು ಬಿಚ್ಚಿ ಹೇಳಿದರು. ಮಾತ್ರೆಗಿಂತ ಮುಖ್ಯವಾದ ಔಷಧ ಮನೆಯಲ್ಲೇ ಆಗಬೇಕಿತ್ತು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಮಂಚದ ಮೇಲೆ ಬೋರಲು ಮಲಗಿ, ಸೊಂಟದಿಂದ ಮೇಲಿನ ಮೈಯನ್ನು ಕೆಳಕ್ಕೆ ಇಳಿಬಿಡಬೇಕು. ಇನ್ನೊಬ್ಬರು, ತೀರ್ಥ ತಗೊಳ್ಳುವಾಗ ಹಿಡಿಯುವ ಹಾಗೆ ಅಂಗೈಯನ್ನು ಗುಳಿ ಮಾಡಿಕೊಂಡು, ಬೆನ್ನನ್ನು ಹತ್ತು ನಿಮಿಷ ತಟ್ಟಬೇಕು.

ನರ್ಸಮ್ಮ ತಟ್ಟಿ ತೋರಿಸಿದಳು. ತಲೆ ಕೆಳಗಾಗಿದ್ದ ಕೆಂಚಮ್ಮನ ಕಣ್ಣಿನಿಂದ ನೀರು ಹಣೆಯ ಕಡೆಗೆ ಹರಿಯಿತು. ನೋಯುತ್ತದೆಯೇ ಎಂದು ನರ್ಸಮ್ಮ ಕೇಳಿದಳು. ನೋವು ಒಂದಿಷ್ಟೂ ಇರಲಿಲ್ಲ. ಅಮ್ಮ ಸತ್ತ ಮೇಲೆ ಆ ಬೆನ್ನನ್ನು ಯಾರೂ ಮುಟ್ಟಿರಲಿಲ್ಲ, ಅಷ್ಟೆ.

"ಮನೇಲಿ ತಟ್ಟೋರು ಯಾರಿದ್ದಾರಮ್ಮ?" ಎಂದರು ಡಾಕ್ಟರು.

"ಅವ್ರೆ ಸ್ವಾಮಿ. ಬೇಕಾದಷ್ಟು ಜನ ಅವ್ರೆ."

ಊರಿಗೆ ಬಂದವಳು ಅತ್ತಿಗೆಯ ಬಾಗಿಲಲ್ಲಿ ನಿಂತು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು, ಕ್ಷಯವಲ್ಲ ಎನ್ನುವುದನ್ನು ಎರಡೆರಡು ಸಲ ಹೇಳಿದಳು. ಅತ್ತಿಗೆ ಎಲ್ಲಾ ಕೇಳಿಸಿಕೊಂಡು, ಅಂಗಳದಲ್ಲಿ ಆಡುತ್ತಿದ್ದ ಮಕ್ಕಳನ್ನು ಒಳಕ್ಕೆ ಕರೆದುಕೊಂಡಳು. ಕೆಂಚಮ್ಮ ಮತ್ತೆ ಯಾರನ್ನೂ ಕೇಳಲಿಲ್ಲ. ತನ್ನ ಕೈ ತನ್ನ ಬೆನ್ನಿಗೆ ಎಟುಕುವುದಿಲ್ಲ ಎನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ, ಆದರೆ ಅವಳಷ್ಟು ಸಲ ಪ್ರಯತ್ನ ಮಾಡಿ ತಿಳಿದುಕೊಂಡವರು ಕಡಿಮೆ. ಗೋಡೆಗೆ ಬೆನ್ನು ಬಡಿದುಕೊಂಡಳು. ಹಿತ್ತಲ ತೆಂಗಿನ ಮರಕ್ಕೂ ಬಡಿದುಕೊಂಡಳು. ಕೊನೆಗೆ ಅಡುಗೆಯ ಸೌಟು ಕಣ್ಣಿಗೆ ಬಿತ್ತು. ತೆಂಗಿನ ಅರ್ಧ ಚಿಪ್ಪಿಗೆ ಬಿದಿರಿನ ಹಿಡಿ ಸಿಕ್ಕಿಸಿದ ಹಳೆಯ ಸೌಟು, ಅಂಗೈಯ ಗುಳಿಯ ಹಾಗೇ ಇತ್ತು. ಅವತ್ತಿನಿಂದ ಬೆಳಗಾಗುತ್ತಲೇ ಮಂಚದಿಂದ ತಲೆ ಇಳಿಬಿಟ್ಟುಕೊಂಡು, ಹೆಗಲ ಮೇಲಿಂದ ಸೌಟು ಬೀಸಿ ಟೊಕ್ ಟೊಕ್ ಎಂದು ಬಡಿದುಕೊಳ್ಳಲು ಶುರುಮಾಡಿದಳು. ಏಟು ಬೀಳಬೇಕಾದ ಕಡೆ ಬಿಟ್ಟು ಮಿಕ್ಕ ಕಡೆಗೆಲ್ಲ ಬೀಳುತ್ತಿತ್ತು. ತಲೆ ತಿರುಗಿ ಬಿದ್ದರೆ ಬಾಗಿಲು ಒಡೆಯುವ ಕಷ್ಟ ಯಾರಿಗೂ ಬೇಡ ಎಂದು ಅಗುಳಿ ಮಾತ್ರ ಹಾಕುತ್ತಿರಲಿಲ್ಲ.

ತೆಂಗಿನ ಸೀಮೆಯಲ್ಲಿ ಬೆಳಗಿನ ಜಾವ ಮುಚ್ಚಿದ ಕೋಣೆಯಿಂದ ಚಿಪ್ಪಿನ ಸದ್ದು ಬಂದರೆ ಜನ ಏನೆಂದುಕೊಳ್ಳುತ್ತಾರೆ? ಕಾಯಿಲೆಗೆ ಔಷಧ ನಡೆಯುತ್ತಿದೆ ಎಂದಂತೂ ಅಲ್ಲ. ಸದಾಶಿವಯ್ಯನವರ ಅಟ್ಟದ ಕಾಯಿ ಕದ್ದು ತಂದು ಒಳಗೊಳಗೇ ಒಡೆಯುತ್ತಿದ್ದಾಳೆ ಎಂದು ಸುದ್ದಿಯಾಯಿತು. ವಾರದೊಳಗೆ ಅದು ಹನುಮಂತಮ್ಮನ ಕಿವಿಗೂ ಬಿತ್ತು. ಅಟ್ಟದ ಕಾಯಿಗೆ ಯಜಮಾನರಿಗಿಂತ ತಾನೇ ಜವಾಬ್ದಾರಿ ಎಂದು ನಂಬಿದ್ದ ಹೆಂಗಸು. ಮಾರನೆಯ ದಿನ ಬೆಳಗಾಗುವುದರೊಳಗೆ ಬಂದು, ಸದ್ದು ಕೇಳಿಸಿಕೊಂಡು, ಬಾಗಿಲು ತಳ್ಳಿದಳು.

ಕಳ್ಳಿ ಸಿಕ್ಕಿಬಿದ್ದಿದ್ದಳು. ತಲೆಕೂದಲು ನೆಲ ಗುಡಿಸುತ್ತಿತ್ತು, ಕೈಯಲ್ಲಿ ಸೌಟು, ಬೆನ್ನ ಮೇಲೆ ಹಳೆಯ ಬಾಸುಂಡೆ, ಹೊಸ ಬಾಸುಂಡೆ. ನೆಲದ ಮೇಲೆ ಕಫದ ಬಟ್ಟಲೊಂದು ಬಿಟ್ಟರೆ ಒಂದು ಚೂರು ಕೊಬ್ಬರಿಯೂ ಇರಲಿಲ್ಲ.

"ಏನೇ ಕೆಂಚಿ ಇದು?"

ಕೆಂಚಮ್ಮ ಏಳಲೂ ಇಲ್ಲ. ನಾಚಿಕೆಯಿಂದ ಸೆರಗು ಎಳೆದುಕೊಳ್ಳಲು ಹೋದಳು, ಅದೂ ಸಿಕ್ಕಲಿಲ್ಲ. "ಬೆನ್ನು ತಟ್ಟಿಸ್ಕೋಬೇಕು ಅಂತ ಡಾಕ್ಟ್ರು ಹೇಳವ್ರೆ ಅಕ್ಕ," ಎಂದಳು. "ತಟ್ಟೋಕೆ ಯಾರೂ ಇಲ್ಲ."

ಹನುಮಂತಮ್ಮ ಮೂಗಿಗೆ ಸೆರಗು ಕಟ್ಟಿಕೊಂಡು ಒಳಗೆ ಬಂದು, ಸೌಟು ಕಿತ್ತುಕೊಂಡು ಮೂಲೆಗೆ ಎಸೆದಳು. ಹೇಗೆ ತಟ್ಟಬೇಕು ಎಂದು ಕೇಳಿದಳು. ಕೆಂಚಮ್ಮ ನೆಲ ನೋಡಿಕೊಂಡೇ ಹೇಳಿಕೊಟ್ಟಳು. ಚಿಪ್ಪು ಹಿಡಿದು ಹಿಡಿದು ಕಾಯಿಕಟ್ಟಿದ್ದ ಆ ಕೈ ಮೊದಲು ಅಂಜಿಕೊಂಡು, ಆಮೇಲೆ ಪಳಗಿದ ಕೆಲಸದ ಲಯ ಹಿಡಿದು ಬಡಿಯಿತು. ನಡುವೆ ನಿಲ್ಲಿಸಿ, ಅಭ್ಯಾಸ ಬಲದಿಂದ ಬೆನ್ನಿಗೆ ಕಿವಿಯಿಟ್ಟು ಕೇಳಿದಳು.

"ನೀರೈತೆ," ಎಂದಳು. "ಕೆಳಗ್ ಕೆಳಗೇ ಐತೆ." ಮತ್ತೆ ತಟ್ಟಿದಳು. ಆ ದಿನ ಇಳಿದಷ್ಟು ಕಫ ಆ ತಿಂಗಳಲ್ಲೇ ಇಳಿದಿರಲಿಲ್ಲ. ಹನುಮಂತಮ್ಮ ಆಚೆ ಹೋಗಿ ಸೀಗೆಪುಡಿ ಹಾಕಿ ಕೈ ತೊಳೆದುಕೊಳ್ಳುವ ಸದ್ದು ಕೆಂಚಮ್ಮನಿಗೆ ಒಳಗೆ ಕೇಳಿಸುತ್ತಿತ್ತು. ಎರಡು ಸಲ ತೊಳೆದಳು, ಮೂರನೆಯ ಸಲವೂ ತೊಳೆದಳು. ಇನ್ನು ಇವಳು ಬರುವುದಿಲ್ಲ ಎಂದುಕೊಂಡಳು ಕೆಂಚಮ್ಮ.

ಹನುಮಂತಮ್ಮ ಮಾರನೆಯ ದಿನವೂ ಬಂದಳು. ದಿನಾ ಬಂದಳು. ಕಳ್ಳತನದ ಮಾತೆತ್ತಿದವರನ್ನು ಬೀದಿಯಲ್ಲಿ ನಿಲ್ಲಿಸಿ ಬೈದಳು. ಹಾಗಂತ ಲೋಟವೇನೂ ಮೊಳೆಯಿಂದ ಇಳಿಯಲಿಲ್ಲ. ಹಗಲು ಕೊಬ್ಬರಿ ಸಾಲಿನಲ್ಲಿ ಕೆಂಚಮ್ಮ ಅದೇ ಕೊನೆಯಲ್ಲಿ ಕೂರುತ್ತಿದ್ದಳು, ಹನುಮಂತಮ್ಮ ಅವಳ ಕಡೆಗೆ ತಿರುಗಿಯೂ ನೋಡುತ್ತಿರಲಿಲ್ಲ. ಮೂಗಿಗೆ ಕಟ್ಟುತ್ತಿದ್ದ ಸೆರಗನ್ನು ಮಾತ್ರ ಯಾವಾಗಲೋ ಕಟ್ಟುವುದು ಬಿಟ್ಟಿದ್ದಳು. ದಿನದಲ್ಲಿ ಆ ಹತ್ತು ನಿಮಿಷ ಬಿಟ್ಟರೆ ಕೆಂಚಮ್ಮನಿಗೆ ಬೇರೆ ಯಾರೂ ಇರಲಿಲ್ಲ. ಆ ಹತ್ತು ನಿಮಿಷಕ್ಕಾಗಿ ಅವಳು ಹಿಂದಿನ ಸಂಜೆಯಿಂದಲೇ ಕಾಯುತ್ತಿದ್ದಳು. ಮಂಚದ ಪಕ್ಕ ಚಾಪೆ ಹಾಸಿಟ್ಟಳು, ಸೀಗೆಪುಡಿಯ ಡಬ್ಬಿಯನ್ನು ಬಾಗಿಲ ಆಚೆ ಇಟ್ಟಳು.

ಐದು ತಿಂಗಳಾದ ಮೇಲೆ ತಿಪಟೂರಿಗೆ ಹೋದಾಗ ಡಾಕ್ಟರು ಬಹಳ ಹೊತ್ತು ಬೆನ್ನಿಗೆ ಕೊಳವೆ ಇಟ್ಟು ಕೇಳಿದರು. ನಕ್ಕರು. ಎದೆ ಎಷ್ಟೋ ತಿಳಿಯಾಗಿದೆ, ಇನ್ನು ದಿನಾ ತಟ್ಟಿಸಿಕೊಳ್ಳಬೇಕಾಗಿಲ್ಲ, ಕಫ ಕಟ್ಟಿದ ಹಾಗೆ ಅನ್ನಿಸಿದಾಗ ಸಾಕು, ತಟ್ಟಿದವರಿಗೆ ತಾನು ನಮಸ್ಕಾರ ಹೇಳಿದೆನೆಂದು ತಿಳಿಸಿ ಎಂದರು. ಬೇರೆ ಯಾರಾದರೂ ಆಗಿದ್ದರೆ ಕಲ್ಲುಸಕ್ಕರೆ ಕಟ್ಟಿಸಿಕೊಂಡು ಬಸ್ಸು ಹತ್ತುತ್ತಿದ್ದರು. ಕೆಂಚಮ್ಮ ಕಿಟಕಿ ಪಕ್ಕ ಕೂತು, ಶೆಟ್ಟಿಕೆರೆ ಬರುವವರೆಗೂ ಸೀಟಿನ ಕಂಬಿ ಹಿಡಿದುಕೊಂಡು ಅತ್ತಳು. ಬದುಕುವುದು ಗ್ಯಾರಂಟಿಯಾಗಿತ್ತು. ಆ ಕೈ ಇಲ್ಲದೆ ಬದುಕಬೇಕಲ್ಲ ಎನ್ನುವುದೇ ಅವಳ ಸಂಕಟ.

ಬೆಳಿಗ್ಗೆ ಬಾಗಿಲು ತಳ್ಳಿಕೊಂಡು ಬಂದ ಹನುಮಂತಮ್ಮ, ಡಾಕ್ಟರು ಏನಂದರು ಎಂದು ಕೇಳಿದಳು. ಕೆಂಚಮ್ಮ ಆಗಲೇ ತಲೆ ಇಳಿಬಿಟ್ಟುಕೊಂಡಿದ್ದಳು. ಮುಖ ಕಾಣದಿದ್ದರೆ ಸುಳ್ಳು ಹೇಳುವುದು ಸುಲಭ.

"ದಿನಾ ತಟ್ಟಿಸ್ಕೋಬೇಕಂತೆ ಅಕ್ಕ."

ಹನುಮಂತಮ್ಮ ತಟ್ಟಿದಳು. ಬಟ್ಟಲಿಗೆ ಏನೂ ಬೀಳಲಿಲ್ಲ. ಅವಳು ನಿಲ್ಲಿಸಿದಳು, ಬಾಗಿ ಬೆನ್ನಿಗೆ ಕಿವಿಯಿಟ್ಟಳು. ಕೆಂಚಮ್ಮ ಉಸಿರು ಬಿಗಿಹಿಡಿದಳು. ಮೂವತ್ತು ವರ್ಷದಲ್ಲಿ ಒಂದು ಕಾಯಿಯ ಲೆಕ್ಕವೂ ತಪ್ಪದ ಕಿವಿ ಅದು, ಒಣಗಿದ್ದನ್ನು ಒಣಗಿದೆ ಎಂದೇ ಹೇಳಿ ಎದ್ದುಹೋಗುವ ಹೆಂಗಸು. ಕಿವಿ ಬಹಳ ಹೊತ್ತು ಅಲ್ಲೇ ಇತ್ತು.

"ಇನ್ನೂ ನೀರೈತೆ ಕಣೇ," ಎಂದಳು ಹನುಮಂತಮ್ಮ. "ನಾಳೆ ಬತ್ತೀನಿ."