ಮಾಮಾ ದಿನಾ ಕೇಳುತ್ತಿದ್ದ ಮಾತು

ಮೊಮ್ಮಗಳು ಮೊಬೈಲಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿ ಹೋದ ಮೇಲೆ ನನ್ನ ಬೆರಳಿಗೂ ನಾಲಿಗೆಯ ಚಾಳಿ ಹತ್ತಿದೆ, ಸುಮ್ಮನಿರುವುದಿಲ್ಲ. ಇವತ್ತು ಬೆಳಿಗ್ಗೆ ಕುರುಗೋಡಿನಲ್ಲಿರುವ ಮಗಳಿಗೆ ‘ಸಾಯಂಕಾಲ ಊಟಕ್ಕೆ ಬಾ’ ಎಂದು ಬರೆಯಲು ಕೂತೆ. ಬಾಯಲ್ಲಾಗಿದ್ದರೆ ‘ಸಂಜಿಕಿ ಬಾರವ್ವಾ’ ಅಂದು ಮುಗಿಸುತ್ತಿದ್ದೆ. ಬರೆಯುವಾಗ ಮಾತ್ರ ಪುಸ್ತಕದ ಕನ್ನಡವೇ ಬೇಕೆಂಬ ಜಂಬ. ‘ಸಾಯ’ ಎನ್ನುವವರೆಗೆ ಚೆನ್ನಾಗಿಯೇ ಬಂತು. ಆಮೇಲೆ ಸೊನ್ನೆ ಒತ್ತುವ ಬದಲು ಗುಡಿಸು ಒತ್ತಿದೆ. ಹೆಬ್ಬೆರಳು ಇನ್ನೆಲ್ಲಿಗೋ ತಗುಲಿ ಅಷ್ಟು ಮಾತ್ರ ಹೊರಟೇ ಹೋಯಿತು.

ಮಗಳ ಫೋನು ಬರಲು ತಡವಾಗಲಿಲ್ಲ.

“ಯವ್ವಾ, ನಾ ಏನ್ ಮಾಡೀನಿ ನಿನಗ? ಮುಂಜಾನೆದ್ದು ಮಗಳಿಗೆ ಸಾಯಿ ಅಂತ ಕಳಿಸೀಯಲ್ಲ!”

“ಸಾಯಬ್ಯಾಡವ್ವಾ. ಸಂಜಿಕಿ ಉಣ್ಣಾಕ ಬಾ.”

“ಇವತ್ತ ಬರಾಕ ಆಗಂಗಿಲ್ಲ, ನಮ್ಮ ಅತ್ತೀಗೆ ಜ್ವರ ಬಂದಾವು. ನೀ ಹೊತ್ತಿಗೆ ಸರಿಯಾಗಿ ಉಂಡು ಮಲಕ್ಕ.”

ಫೋನಿಟ್ಟು ಬಹಳ ನಕ್ಕೆ. ಕೋಣೆಯಲ್ಲಿ ಒಬ್ಬಳೇ ನಗುವಾಗ ನಡುವೆ ಒಮ್ಮೆ ತನ್ನ ನಗು ತನಗೇ ಕೇಳಿಸಿಬಿಡುತ್ತದೆ ನೋಡಿ, ಅಲ್ಲಿಗೆ ನಿಂತುಹೋಗುತ್ತದೆ. ನಿಂತ ಮೇಲೆ ನೆನಪಾಯಿತು: ನನಗೂ ಒಬ್ಬಾಕೆ ದಿನಾ ತಪ್ಪದೆ ಇದೇ ಮಾತು ಹೇಳುತ್ತಿದ್ದಳಲ್ಲ, ಅದೂ ಕುವೈತಿನಲ್ಲಿ!

ನಾನು ಕುವೈತಿಗೆ ಹೋಗಿದ್ದವಳು ಅಂದರೆ ಯಾರೂ ನಂಬುವುದಿಲ್ಲ. ನಮ್ಮೂರು ಕರೂರಿನಲ್ಲಿ ಬಸ್ಸು ಹತ್ತಿದರೆ ಸಿರುಗುಪ್ಪ, ಬಹಳವಾದರೆ ಬಳ್ಳಾರಿ. ನನ್ನ ಲೋಕ ಅಷ್ಟೇ ಇತ್ತು. ಗಂಡ ತೀರಿಕೊಂಡು, ಮಗಳು ಅತ್ತೆಮನೆ ಸೇರಿದ ಮೇಲೆ, ಪರಿಚಯದ ಸುಬ್ಬಮ್ಮ ಎಂಬ ತೆಲುಗಿನಾಕೆ ಅಲ್ಲಿ ಒಬ್ಬ ಮುದುಕಿಯನ್ನು ನೋಡಿಕೊಳ್ಳುವ ಕೆಲಸವಿದೆ ಅಂದಳು. ಇಲ್ಲಿ ನನ್ನನ್ನು ನೋಡಿಕೊಳ್ಳುವವರು ಯಾರೂ ಇಲ್ಲ, ಅಲ್ಲಿ ನಾನಾದರೂ ಯಾರನ್ನಾದರೂ ನೋಡಿಕೊಳ್ಳುತ್ತೇನೆ ಎಂದು ಹೊರಟೆ. ವಿಮಾನದಲ್ಲಿ ಕಣ್ಣು ಮುಚ್ಚಿಕೊಂಡು ಕೂತವಳು ನೆಲ ಮುಟ್ಟಿದ ಮೇಲೂ ತೆರೆಯಲಿಲ್ಲವಂತೆ. ಅದು ಸುಬ್ಬಮ್ಮ ಹೇಳುವ ಕಥೆ, ಅರ್ಧ ಸುಳ್ಳು.

ಆ ಮನೆಯಲ್ಲಿ ಮುದುಕಿಯನ್ನು ‘ಮಾಮಾ’ ಅನ್ನಬೇಕಿತ್ತು. ನಮ್ಮ ಕಡೆ ಮಾಮಾ ಅಂದರೆ ಮೀಸೆ ಇರಬೇಕು. ಮೊದಲು ಕರೆಯುವಾಗಲೆಲ್ಲ ಸೆರಗು ಬಾಯಿಗಿಟ್ಟುಕೊಳ್ಳುತ್ತಿದ್ದೆ. ಮಾಮಾಗೆ ಕಾಲಿನಲ್ಲಿ ಬಲವಿರಲಿಲ್ಲ, ಸಕ್ಕರೆ ಕಾಯಿಲೆಯೂ ಇತ್ತು. ಮೇಲಿನ ಮಹಡಿಯ ಕೋಣೆಯೇ ಆಕೆಯ ಊರು. ಮೈ ಒರೆಸುವುದು, ಜಡೆ ಹಾಕುವುದು, ಕಾಲು ತಿಕ್ಕುವುದು ನನ್ನ ಕೆಲಸ. ಆಕೆ ಅರಬ್ಬಿಯಲ್ಲಿ ಮಾತಾಡುವಳು, ನಾನು ಕರೂರಿನ ಕನ್ನಡದಲ್ಲಿ ಉತ್ತರ ಕೊಡುವೆ. ಇಬ್ಬರೂ ತಲೆಯಾಡಿಸುವೆವು. ಜಗಳವೇ ಇಲ್ಲದ ಸಂಸಾರ.

ಉಣ್ಣುವ ಹೊತ್ತು ಮಾತ್ರ ಕಷ್ಟ. ಮನೆಯವರೆಲ್ಲ ಕೆಳಗೆ ನೆಲದ ಮೇಲೆ ಬಟ್ಟೆ ಹಾಸಿ, ನಡುವೆ ದೊಡ್ಡ ತಾಟು ಇಟ್ಟುಕೊಂಡು ಸುತ್ತ ಕೂರುವರು. ಮಾಂಸ ಮುಟ್ಟದ ನಾನು ಬೇರೆ ಅನ್ನ, ಬೇರೆ ಸಾರು ಮಾಡಿಕೊಂಡು ಅಡುಗೆಮನೆಯಲ್ಲಿ ಫ್ರಿಜ್ಜಿನ ಪಕ್ಕ ನಿಂತು ಉಣ್ಣುತ್ತಿದ್ದೆ. ಯಾರೂ ನಿಲ್ಲು ಅಂದಿರಲಿಲ್ಲ. ಒಬ್ಬಳೇ ಕೂತು ಉಣ್ಣಲು ನನಗೇ ಮನಸ್ಸಾಗುತ್ತಿರಲಿಲ್ಲ. ನಿಂತರೆ ಬೇಗ ಮುಗಿಯುತ್ತದೆ. ಆ ಫ್ರಿಜ್ಜು ಆಗಾಗ ‘ಗುರ್’ ಅನ್ನುವುದು, ನಾನು ‘ಹೂಂ, ಹೇಳು’ ಅನ್ನುವೆ.

ಅಷ್ಟರಲ್ಲಿ ರಂಜಾನ್ ಬಂತು. ಹಗಲೆಲ್ಲ ಮನೆ ಗಪ್ಪು. ಕಾಯಿಲೆಯ ದೆಸೆಯಿಂದ ಮಾಮಾ ಉಪವಾಸ ಇರುವಂತಿಲ್ಲ ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಮಧ್ಯಾಹ್ನ ತಟ್ಟೆ ತಂದರೆ ಆಕೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಔಷಧಿಯಂತೆ ನುಂಗುವಳು. ಮುಗಿದ ಮೇಲೆ ಈ ಕಡೆ ತಿರುಗಿ, ನನ್ನನ್ನೇ ನೋಡಿ, “ಸಾಯ್ಮಾ?” ಅನ್ನುವಳು.

ನೀವೇ ಹೇಳಿ, ಕರೂರಿನ ಕಿವಿಗೆ ಅದು ಹೇಗೆ ಕೇಳಿಸಬೇಕು? ಸಾಯಮ್ಮಾ! ಅದೂ ಇಷ್ಟು ಪ್ರೀತಿಯಿಂದ, ನಗುನಗುತ್ತ. ನಾನೂ ನಗುನಗುತ್ತಲೇ ಉತ್ತರ ಕೊಡುತ್ತಿದ್ದೆ: “ನೀನ ಹಿರಿಯಾಕಿ, ನೀ ಮೊದಲ ಸಾಯವ್ವಾ. ನಾ ನಿಂತು ಕಳಿಸಿ ಆಮ್ಯಾಲ ಬರ್ತೀನಿ.” ಆಕೆ ತಲೆಯಾಡಿಸುವಳು.

ಮರುದಿನ ಮತ್ತೆ ಅದೇ. ತಡೆಯಲಾಗದೆ, ಪಕ್ಕದ ಮನೆಯಲ್ಲಿ ಕೆಲಸಕ್ಕಿದ್ದ ಸುಬ್ಬಮ್ಮ ಹಿತ್ತಿಲ ಗೇಟಿನಲ್ಲಿ ಸಿಕ್ಕಾಗ ಹೇಳಿಕೊಂಡೆ. ಅವಳು ಕೈಯಲ್ಲಿದ್ದ ಕಸದ ಚೀಲ ಬಿಟ್ಟು ನೆಲಕ್ಕೆ ಕೂತು ನಕ್ಕಳು.

“ಚಚ್ಚಿಪೊಮ್ಮನಿ ಕಾದಕ್ಕಾ! ಉಪವಾಸಮಾ ಅನಿ ಅಡುಗುತೋಂದಿ.”

ಸಾಯಿ ಅನ್ನುತ್ತಿರಲಿಲ್ಲ ಮುದುಕಿ. ನೀನು ಉಪವಾಸವಾ ಎಂದು ಅರಬ್ಬಿಯಲ್ಲಿ ಕೇಳುತ್ತಿದ್ದಳು. ತಾನು ಇರಲಾಗದ ಉಪವಾಸವನ್ನು ಈ ಕೋಣೆಯಲ್ಲಿ ಇನ್ನೊಬ್ಬರಾದರೂ ಮಾಡುತ್ತಿದ್ದಾರೋ ಎಂದು.

ನನಗೆ ಒಂದು ಯೋಚನೆ ಬಂತು. ಉಪವಾಸ ಇದ್ದವರನ್ನು ಸಂಜೆ ಕರೆದು, ಕೂಡಿಸಿಕೊಂಡು ಉಣಿಸುತ್ತಾರೆ. ಮನೆಗೆ ಬಂದ ಡ್ರೈವರನನ್ನೂ ಬಿಡುವುದಿಲ್ಲ, ನೋಡಿದ್ದೆನಲ್ಲ. ನಾನೂ ಇದ್ದರೆ? ಭಕ್ತಿಗಿಕ್ತಿ ಏನಿಲ್ಲ, ಅದನ್ನು ನಮ್ಮ ಶಿವನಿಗೂ ಮುಚ್ಚಿಟ್ಟಿಲ್ಲ. ದಿನಕ್ಕೆ ಒಂದು ಸಲವಾದರೂ ಯಾರದಾದರೂ ಎದುರಿಗೆ ಕೂತು ಉಣ್ಣಬೇಕು ಅನ್ನಿಸಿತ್ತು, ಅಷ್ಟೇ.

ಮರುದಿನ ಮಾಮಾ ಕೇಳಿದಾಗ ನಾನು ಎದೆ ಉಬ್ಬಿಸಿ “ಹೂನ್ ಮಾಮಾ, ಸಾಯ್ಮಾ!” ಅಂದೆ. ಆಗ ನನ್ನ ಬಾಯಲ್ಲಿ ಬಾಳೆಹಣ್ಣಿತ್ತು. ಕೈಯಲ್ಲಿ ಹಾಲಿನ ಲೋಟ. ಹುರಿದ ಶೇಂಗಾ ಮಡಿಲಲ್ಲಿ. ನಮ್ಮಲ್ಲಿ ಶಿವರಾತ್ರಿಯ ಉಪವಾಸ ಹೀಗೇ ಅಲ್ಲವೇ? ಅನ್ನ ಒಂದು ಬಿಟ್ಟರೆ ಆಯಿತು, ಉಳಿದದ್ದೆಲ್ಲ ಫಲಾಹಾರ. ಬಾಕಿ ದಿನಕ್ಕಿಂತ ಹೆಚ್ಚೇ ತಿನ್ನುತ್ತೇವೆ. ಮಾಮಾ ನನ್ನ ಬಾಯಿ ನೋಡಿದಳು, ಲೋಟ ನೋಡಿದಳು, ಮಡಿಲು ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ಎಷ್ಟು ನಕ್ಕಳೆಂದರೆ ತಲೆಯ ಮೇಲಿನ ಬಟ್ಟೆ ಜಾರಿ, ನಾನು ಹಾಕಿದ್ದ ಜಡೆಯೂ ಬಿಚ್ಚಿತು. ನೀರನ್ನು ತೋರಿಸಿ ಬೆರಳಾಡಿಸಿದಳು: ಇದೂ ಇಲ್ಲ.

ಇದೂ ಇಲ್ಲದ ಉಪವಾಸವನ್ನು ಅದರ ಮರುದಿನ ಹಿಡಿದೆ. ಹಸಿವು ಒಂದು ಹೊತ್ತು ಕಾಡಿ ಸುಮ್ಮನಾಗುತ್ತದೆ. ಬಾಯಾರಿಕೆ ಸುಮ್ಮನಾಗುವುದಿಲ್ಲ. ಮಾಮಾನ ಮೈ ಒರೆಸಲು ಬಟ್ಟೆ ಹಿಂಡುವಾಗ ಆ ನೀರಿನ ಸದ್ದಿಗೆ ಸಿಟ್ಟು ಬಂತು. ಮಧ್ಯಾಹ್ನದ ಮೇಲೆ ಮಾಮಾ ತನ್ನ ಮಂಚದಲ್ಲೇ ಸರಿದು ನನ್ನನ್ನು ಪಕ್ಕಕ್ಕೆ ಮಲಗಿಸಿಕೊಂಡು ಬೀಸಣಿಗೆ ಬೀಸಿದಳು. ಕೋಣೆಯಲ್ಲಿ ಏಸಿ ಇತ್ತು, ಆದರೂ ಬೀಸಿದಳು.

ಸಂಜೆ ಕೆಳಗೆ ಎಲ್ಲರೂ ಸೇರಿದ ಸದ್ದು ಕೇಳುತ್ತಿತ್ತು. ಯಾರಾದರೂ ನನ್ನನ್ನು ಕರೆಯಬಹುದೆಂದು ಬಾಗಿಲಿಗೆ ಕಿವಿ ಕೊಟ್ಟಿದ್ದೆ. ಯಾರೂ ಕರೆಯಲಿಲ್ಲ, ನಾನು ಉಪವಾಸ ಇರುವುದು ಯಾರಿಗೆ ಗೊತ್ತು? ಉಪವಾಸ ಬಿಡುವ ಹೊತ್ತಾಯಿತೆಂದು ಟಿವಿಯಲ್ಲಿ ತೋಪು ಹಾರಿಸಿದರು. ಮಾಮಾ ತನ್ನ ತಟ್ಟೆಯಿಂದ ಒಂದು ಖರ್ಜೂರ ತೆಗೆದುಕೊಂಡಳು. ಸಕ್ಕರೆ ಇದ್ದುದರಿಂದ ಆಕೆಗೆ ದಿನಕ್ಕೆ ಅರ್ಧ ಮಾತ್ರ. ಅರ್ಧ ಕಚ್ಚಿ, ಬೀಜ ತೆಗೆದು, ಉಳಿದರ್ಧವನ್ನು ನನ್ನ ಬಾಯಿಯ ಹತ್ತಿರ ಹಿಡಿದಳು.

ಎಂಜಲು. ನನ್ನ ಗಂಡ ಮದುವೆಯ ದಿನ ತನ್ನ ಎಲೆಯಲ್ಲಿ ಉಣ್ಣು ಅಂದಾಗ “ನೀನ ನಂದರಾಗ ಉಣ್ಣು” ಅಂದಿದ್ದವಳು ನಾನು. ಆ ದಿನ ಸುಮ್ಮನೆ ಬಾಯಿ ತೆರೆದೆ. ಮಾಂಸವಿಲ್ಲದ ತಟ್ಟೆ ನಡುವೆ ಬಂತು, ಉಪ್ಪಿಲ್ಲದ ಮಜ್ಜಿಗೆ ಬಂತು, ಇಬ್ಬರೂ ಮಂಚದ ಮೇಲೆ ಚಕ್ಕಂಬಕ್ಕಳ ಹಾಕಿ ಉಂಡೆವು.

ತಿಂಗಳೆಲ್ಲ ಉಪವಾಸ ಇದ್ದೆ ಅಂತ ಸುಳ್ಳು ಹೇಳುವುದಿಲ್ಲ. ಆಗದ ದಿನ ಬಿಟ್ಟೆ. ಬಿಟ್ಟ ಮೊದಲ ದಿನ, ಇವತ್ತು ನನಗೆ ಜಾಗವಿಲ್ಲ ಎಂದುಕೊಂಡು ಅಡುಗೆಮನೆಗೆ ಹೊರಟಿದ್ದೆ. ಮಾಮಾ ಸೆರಗು ಹಿಡಿದು ಎಳೆದು ಕೂಡಿಸಿದಳು. ಅರ್ಧ ಖರ್ಜೂರ ಬಂದೇ ಬಂತು.

ಆಕೆ ಈಗ ಇದ್ದಾಳೋ ಇಲ್ಲವೋ. ನನಗೆ ಹೇಳಿ ಕಳಿಸುವವರು ಯಾರು?

ಬಳ್ಳಾರಿಗೆ ಬಂದು ಈ ಬಾಡಿಗೆ ಕೋಣೆ ಹಿಡಿದ ಮೇಲೆ ಮತ್ತೆ ಅಡುಗೆ ಕಟ್ಟೆಯ ಪಕ್ಕ ನಿಂತು ಉಣ್ಣುವುದೇ ಆಗಿದೆ. ಯಾರಾದರೂ ಕರೆಯಲಿ ಎಂದು ಕಾಯುತ್ತೇನೆ, ಕರೆಯದಿದ್ದರೆ ಮುನಿಸಿಕೊಳ್ಳುತ್ತೇನೆ. ಮುನಿಸಿಕೊಂಡದ್ದೂ ಯಾರಿಗೂ ತಿಳಿಯುವುದಿಲ್ಲ. ಇವತ್ತು ಸಂಜೆ ಮಗಳಿಗೆಂದು ಕಲಸಿಟ್ಟಿದ್ದ ಹಿಟ್ಟಿನಲ್ಲಿ ಮೆಣಸಿನಕಾಯಿ ಕರಿದೆ. ಈಗ ಮತ್ತೆ ರಂಜಾನ್ ತಿಂಗಳು; ಕೆಳಗಿನ ಮನೆಗೆ ಹೊಸದಾಗಿ ಬಂದಿರುವ ಸಿರಿಗೇರಿಯ ಹುಡುಗಿ ಶಮೀಮಳೂ ಉಪವಾಸ ಮಾಡುತ್ತಾಳೆ. ಅವಳ ಗಂಡ ಲಾರಿಯ ಮೇಲೆ ಹೋದರೆ ವಾರಗಟ್ಟಲೆ ಬರುವುದಿಲ್ಲ. ಮಸೀದಿಯ ಕೂಗು ಕೇಳುವ ಮೊದಲೇ ತಟ್ಟೆ ಹಿಡಿದು ಇಳಿದು ಬಾಗಿಲು ತಟ್ಟಿದೆ.

“ಅಮ್ಮಾ, ಏನರ ಬೇಕಿತ್ತೇನ್ರಿ?”

“ಒಬ್ಬಾಕಿನ ಅದೀಯೇನು?”

“ಹೂನ್ರಿ.” ತಟ್ಟೆ ನೋಡಿದಳು. “ಕೊಡ್ರಿ, ತಟ್ಟಿ ತೊಳದು ಮ್ಯಾಲ ತಂದು ಕೊಡ್ತೀನಿ.”

“ತಟ್ಟಿ ಕೊಡಾಕ ಬಂದಿಲ್ಲಲೇ ನಾ,” ಎಂದು ಒಳಗೆ ಕಾಲಿಟ್ಟೆ. “ಜರಗು. ಕುಂಡ್ರಾಕ ಬಂದೀನಿ.”